ಮನೆಶಾಲೆಯ ಮಕ್ಕಳಿಗೆ ಕಾಲೇಜು ಕ್ರೆಡಿಟ್: ಯಾವ ದಾರಿ ಹಿಡಿಯಬೇಕು?

ಅಮೆರಿಕದಲ್ಲಿ ಮನೆಯಲ್ಲೇ ಹೈಸ್ಕೂಲ್ ಓದುತ್ತಿರುವವರಿಗೆ ಕಾಲೇಜು ಸೇರುವ ಮುನ್ನವೇ ಕ್ರೆಡಿಟ್, ಅಂದರೆ ಪದವಿಯ ಲೆಕ್ಕಕ್ಕೆ ಸೇರುವ ಕಲಿಕೆಯ ಘಟಕ, ಗಳಿಸಲು ನಾನು ಮೊದಲು ಸೂಚಿಸುವುದು ಕ್ಲೆಪ್ (CLEP) ಪರೀಕ್ಷೆಯನ್ನು. ಕಾಲೇಜ್ ಬೋರ್ಡ್ ನಡೆಸುವ ಈ ಪರೀಕ್ಷೆಯನ್ನು ವರ್ಷದ ಯಾವ ತಿಂಗಳಲ್ಲಾದರೂ ಬರೆಯಬಹುದು. 20ರಿಂದ 80ರ ಅಳತೆಯಲ್ಲಿ 50 ಬಂದರೆ ಬಹುತೇಕ ಕಡೆ ಕ್ರೆಡಿಟ್ ಸಿಗುತ್ತದೆ. ಮಾಡರ್ನ್ ಸ್ಟೇಟ್ಸ್ ಸಂಸ್ಥೆಯ ಉಚಿತ ಪಾಠ ಮುಗಿಸಿದವರಿಗೆ ಪರೀಕ್ಷಾ ಶುಲ್ಕದ ವೋಚರ್ ಕೂಡ ದೊರೆಯುತ್ತದೆ. ಆದರೆ ಪ್ರತಿಷ್ಠಿತ ವಿಶ್ವವಿದ್ಯಾಲಯಗಳಲ್ಲಿ ಹಲವು ಇದನ್ನು ಒಪ್ಪುವುದಿಲ್ಲ.

ಅಲ್ಲಿಗೇ ಹೋಗುವ ಆಸೆಯಿದ್ದರೆ ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್) ಎಂಬ ಕಾಲೇಜು ಮಟ್ಟದ ಪರೀಕ್ಷೆ ವಾಸಿ. ಅದು ಮೇ ತಿಂಗಳಲ್ಲಿ ಮಾತ್ರ. ಹೊರಗಿನ ವಿದ್ಯಾರ್ಥಿಯನ್ನು ಕೂರಿಸಿಕೊಳ್ಳುವ ಶಾಲೆಯನ್ನು ಅದಕ್ಕೂ ಹಿಂದಿನ ಶರತ್ಕಾಲದಲ್ಲೇ ಹುಡುಕಿಕೊಳ್ಳಬೇಕು.

ಮೂರನೆಯ ದಾರಿ, ಹೈಸ್ಕೂಲ್ ಓದುತ್ತಲೇ ಕಾಲೇಜಿನ ತರಗತಿಗೂ ಸೇರುವ ಡ್ಯುಯಲ್ ಎನ್‌ರೋಲ್‌ಮೆಂಟ್‌ನಲ್ಲಿ ನಿಜವಾದ ಕಾಲೇಜು ತರಗತಿ, ಪ್ರಯೋಗಾಲಯ, ಶಿಫಾರಸು ಪತ್ರ ಬರೆಯಬಲ್ಲ ಪ್ರಾಧ್ಯಾಪಕರು ಸಿಗುತ್ತಾರೆ. ಫ್ಲಾರಿಡಾದಲ್ಲಿ ಮನೆಶಾಲೆಯವರಿಗೂ ಬೋಧನಾ ಶುಲ್ಕವಿಲ್ಲ. ಬೇರೆ ರಾಜ್ಯಗಳ ನಿಯಮ ಬೇರೆ. ಎಚ್ಚರ ಬೇಕಾದದ್ದು ಅಂಕಗಳ ಬಗ್ಗೆ: ಹದಿನಾರರ ಹುಡುಗಿ ರಸಾಯನಶಾಸ್ತ್ರದಲ್ಲಿ ಪಡೆದ ‘ಡಿ’ ಕಾಲೇಜಿನ ದಾಖಲೆಯಲ್ಲಿ ಶಾಶ್ವತವಾಗಿ ಉಳಿಯುತ್ತದೆ. ಕ್ಲೆಪ್‌ನಲ್ಲಿ ಸೋತರೆ ಮೂರು ತಿಂಗಳ ನಂತರ ಮತ್ತೆ ಬರೆಯಬಹುದು.

ಕೈಕೆಲಸದಲ್ಲಿ ಮನಸ್ಸಿರುವವರನ್ನು ದಯವಿಟ್ಟು ಇವುಗಳಿಗೆ ದೂಡಬೇಡಿ. ಸಮುದಾಯ ಕಾಲೇಜುಗಳ ವೆಲ್ಡಿಂಗ್, ಶುಶ್ರೂಷಾ ಸಹಾಯಕರ ತರಬೇತಿಗಳು ಉದ್ಯೋಗಕ್ಕೆ ಬೇಕಾದ ಪ್ರಮಾಣಪತ್ರದತ್ತ ಒಯ್ಯುತ್ತವೆ. ನೋಂದಾಯಿತ ಅಪ್ರೆಂಟಿಸ್‌ಶಿಪ್‌ಗೆ ಸಾಮಾನ್ಯವಾಗಿ ಕನಿಷ್ಠ 16 ವರ್ಷವಾಗಿರಬೇಕು. ಅಲ್ಲಿ ಕಲಿಯುತ್ತಲೇ ಸಂಬಳವೂ ಬರುತ್ತದೆ.