ಮಂಗಳೂರಿಗೆ ಪ್ಲಗ್-ಇನ್ ಬೇಕೋ, ಸಾದಾ ಹೈಬ್ರಿಡ್ ಸಾಕೋ?

ಫ್ಲ್ಯಾಟಿನ ಪಾರ್ಕಿಂಗಿಗೆ ಸ್ವಂತ ಕರೆಂಟ್ ಲೈನ್ ಎಳೆಯಲು ಆಗದವರು ಪ್ಲಗ್-ಇನ್, ಅಂದರೆ ಪೆಟ್ರೋಲ್ ಎಂಜಿನ್ ಜೊತೆಗೆ ಪ್ಲಗ್ ಹಾಕಿ ಚಾರ್ಜ್ ಮಾಡುವ ದೊಡ್ಡ ಬ್ಯಾಟರಿಯೂ ಇರುವ ಹೈಬ್ರಿಡ್ ಕಾರಿನ ಆಸೆ ಬಿಟ್ಟುಬಿಡಿ. ಚಾರ್ಜ್ ಮಾಡದೆ ಓಡಿಸಿದರೆ ಭಾರದ ಬ್ಯಾಟರಿಯನ್ನು ಪೆಟ್ರೋಲ್ ಸುಟ್ಟು ಹೊತ್ತು ತಿರುಗಿದಂತಾಯಿತು, ಅಷ್ಟೇ. ನಮ್ಮಲ್ಲಿ ಅದು ಸಿಗುವುದೂ ಹೆಚ್ಚಾಗಿ ದುಬಾರಿ ಗಾಡಿಗಳಲ್ಲೇ. 13 ಯೂನಿಟ್ ಹಿಡಿಯುವ ಬ್ಯಾಟರಿ 15 ಆಂಪ್ ಸಾಕೆಟ್‌ನಲ್ಲಿ ತುಂಬಲು ಐದಾರು ಗಂಟೆ ಬೇಕು. ಪ್ರತ್ಯೇಕ 4 ಚದರ ಮಿ.ಮೀ. ತಾಮ್ರದ ವಯರ್, ಸರಿಯಾದ ಅರ್ಥಿಂಗ್, ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಇರಲೇಬೇಕು. ಗುಡುಗು-ಸಿಡಿಲಿನ ಹೊತ್ತಿಗೆ ಪ್ಲಗ್ ಕಿತ್ತಿಡಿ. ಇಷ್ಟೆಲ್ಲ ಇದ್ದು, ದಿನಾ ಸುರತ್ಕಲ್–ಹಂಪನಕಟ್ಟೆ ಓಡಾಟವಷ್ಟೇ ಆದರೆ ಪೆಟ್ರೋಲ್ ಬಂಕಿನ ಕಡೆ ಹೋಗುವುದೇ ಅಪರೂಪವಾಗುತ್ತದೆ.

ಉಳಿದವರಿಗೆ ನಮ್ಮ ಮತ ಸಾದಾ ಹೈಬ್ರಿಡ್‌ಗೇ. ಇದಕ್ಕೆ ಪ್ಲಗ್ ಬೇಡ, ಎಂಜಿನ್‌ನಿಂದಲೂ ವೇಗ ತಗ್ಗಿಸುವಾಗಿನ ಶಕ್ತಿಯಿಂದಲೂ ಬ್ಯಾಟರಿ ತಾನೇ ತುಂಬುತ್ತದೆ. ಟೊಯೊಟಾ ಹೈರೈಡರ್ ನೋಡಿ: 1.5 ಲೀಟರ್ ಎಂಜಿನ್, 0.76 ಯೂನಿಟ್‌ನ ಪುಟ್ಟ ಬ್ಯಾಟರಿ, ಕಂಪನಿ ಹೇಳುವ ಮೈಲೇಜ್ ಲೀಟರಿಗೆ 27.97 ಕಿ.ಮೀ. ಪಂಪ್‌ವೆಲ್, ನಂತೂರಿನ ಜಾಮ್‌ನಲ್ಲಿ ಇದರ ಲಾಭ ಹೆಚ್ಚು. ಉಡುಪಿ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋದರೆ ಕಡಿಮೆ. ಶಿರಾಡಿ ಘಾಟಿ ಇಳಿಯುವಾಗ ಬ್ಯಾಟರಿ ಬೇಗ ತುಂಬಿ, 'ಬಿ' ಗೇರಿನಲ್ಲಿ (ಇಳಿಜಾರಿನಲ್ಲಿ ಎಂಜಿನ್ನಿನಿಂದಲೇ ವೇಗ ತಗ್ಗಿಸುವ ಗೇರು) ಎಂಜಿನ್ ಜೋರಾಗಿ ಕೂಗುತ್ತದೆ. ಗಾಬರಿ ಬೇಡ, ಬ್ಯಾಟರಿಗೆ ಹಿಡಿಸದ ಶಕ್ತಿಯನ್ನು ಎಂಜಿನ್ ತಿರುಗಿಸಿ ಕಳೆಯುವ ಕ್ರಮ ಅದು. ಡಿಕ್ಕಿ ಮಾತ್ರ ಚಿಕ್ಕದು, ಬ್ಯಾಟರಿ ಹಿಂದೆಯೇ ಕೂತಿದೆ.

ಎರಡರಲ್ಲೂ ವೇಗ ತಗ್ಗಿಸುವ ಕೆಲಸ ಬಹುಪಾಲು ಮೋಟಾರಿನದ್ದು. ಬ್ರೇಕ್ ಪ್ಯಾಡ್ ಸವೆಯುವುದು ಕಡಿಮೆ, ನಿಜ; ಆದರೆ ಕಡಲ ಉಪ್ಪುಗಾಳಿಗೂ ಮಳೆಗಾಲಕ್ಕೂ ಡಿಸ್ಕ್ ತುಕ್ಕು ಹಿಡಿಯುತ್ತದೆ. ಖಾಲಿ ರಸ್ತೆಯಲ್ಲಿ ಆಗಾಗ ಬ್ರೇಕ್ ಗಟ್ಟಿಯಾಗಿ ಒತ್ತಿ, ಸರ್ವಿಸ್‌ನಲ್ಲಿ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್‌ನ ಪಿನ್‌ಗೆ ಗ್ರೀಸ್ ಹಾಕಿಸಿ. ಬ್ಯಾಟರಿಗೆ ಗಾಳಿ ಎಳೆಯುವ ಜಾಲರಿ ಸೀಟಿನ ಹತ್ತಿರ ಇದ್ದರೆ ಅಲ್ಲಿ ಚೀಲ, ಕೊಡೆ ಒತ್ತಿಡಬೇಡಿ.