ಲೂಸಿಯಾನಾ ಜೌಗಿನ ಮರಕಡಿತದ ಚರಿತ್ರೆಗೆ ಜಿಎಲ್‌ಒ ರೆಕಾರ್ಡ್ಸ್ ಎಷ್ಟು ಉಪಯೋಗ?

ಜಿಎಲ್‌ಒ ಅಂದರೆ ಜನರಲ್ ಲ್ಯಾಂಡ್ ಆಫೀಸ್, ಅಮೆರಿಕದ ಕೇಂದ್ರ ಸರ್ಕಾರದ ಹಳೆಯ ಭೂಕಚೇರಿ. ಅಮೆರಿಕದ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ನಡೆಸುವ ಜಿಎಲ್‌ಒ ರೆಕಾರ್ಡ್ಸ್ ಎಂಬ ಈ ಜಾಲತಾಣದಲ್ಲಿ 50 ಲಕ್ಷಕ್ಕೂ ಹೆಚ್ಚು ಭೂ ಹಕ್ಕುಪತ್ರಗಳ ದಾಖಲೆಗಳಿವೆ. ನೋಡುವುದಕ್ಕೂ ಇಳಿಸಿಕೊಳ್ಳುವುದಕ್ಕೂ ಕಾಸು ಕೊಡಬೇಕಿಲ್ಲ. ಲೂಸಿಯಾನಾದ ಅಚಾಫಲಾಯಾ ಜೌಗಿನಲ್ಲಿ ಸೈಪ್ರೆಸ್ ಎಂಬ ಜೌಗುಮರ ಕಡಿದವರ ಜಾಡು ಹಿಡಿಯಲು ಇದಕ್ಕಿಂತ ಒಳ್ಳೆಯ ಆರಂಭವಿಲ್ಲ. ಆದರೆ ಪ್ಯಾಟರ್ಸನ್ ಊರಿನ ಎಫ್. ಬಿ. ವಿಲಿಯಮ್ಸ್‌ನಂಥ ದೊಡ್ಡ ಮರದ ಕಂಪನಿಯ ಹೆಸರು ಹಾಕಿ ಹುಡುಕಿದರೆ, ಅದರ ಹಿಡಿತದಲ್ಲಿದ್ದ ಜೌಗಿನ ಬಹುಪಾಲು ಇಲ್ಲಿ ಕಾಣುವುದೇ ಇಲ್ಲ.

ಕಾರಣ ಕಾನೂನಿನಲ್ಲಿದೆ. 1849ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಜೌಗು ಭೂಮಿಯನ್ನು ಲೂಸಿಯಾನಾಕ್ಕೆ ಬಿಟ್ಟುಕೊಟ್ಟಿತು. 1850ರಲ್ಲಿ ಉಳಿದ ಹಲವು ರಾಜ್ಯಗಳಿಗೂ ಅದೇ ಸೌಲಭ್ಯ ಸಿಕ್ಕಿತು. ಹಾಗಾಗಿ ಫೆಡರಲ್ (ಕೇಂದ್ರ ಸರ್ಕಾರದ) ಪತ್ರದಲ್ಲಿ ಜೌಗು ಪಡೆದವರ ಹೆಸರು ರಾಜ್ಯದ್ದು. ಕಂಪನಿಗಳು ಕೊಂಡದ್ದು ರಾಜ್ಯದಿಂದ, ಇಲ್ಲವೇ ರಾಜ್ಯದಿಂದ ಮೊದಲು ಕೊಂಡವರಿಂದ. ಆ ಕ್ರಯಗಳು ಈ ತಾಣದ ವ್ಯಾಪ್ತಿಗೆ ಬರುವುದಿಲ್ಲ.

ಅದಕ್ಕೇ ಹೆಸರು ಬಿಟ್ಟು ಜಾಗದಿಂದ ಹುಡುಕಿ. ರಾಜ್ಯ, ಮೆರಿಡಿಯನ್ (ಸರ್ವೆ ಶುರುವಾಗುವ ಉತ್ತರ-ದಕ್ಷಿಣ ಮೂಲರೇಖೆ), ಟೌನ್‌ಶಿಪ್ (ಸರ್ವೆಯ ಚೌಕ ಉತ್ತರ-ದಕ್ಷಿಣಕ್ಕೆ ಎಷ್ಟನೆಯದು), ರೇಂಜ್ (ಮೂಲರೇಖೆಯಿಂದ ಪೂರ್ವ-ಪಶ್ಚಿಮಕ್ಕೆ ಎಷ್ಟನೆಯದು) ಇಷ್ಟು ತುಂಬಿದರೆ ಸಾಕು. ಅಚಾಫಲಾಯಾಕ್ಕೆ ಲೂಸಿಯಾನಾ ಮೆರಿಡಿಯನ್ ಆರಿಸಬೇಕು. ಮಿಸಿಸಿಪ್ಪಿಯ ಪೂರ್ವದಂಡೆಗೆ ಸೇಂಟ್ ಹೆಲೆನಾ ಮೆರಿಡಿಯನ್ ಬೇರೆಯೇ ಇದೆ, ಅದನ್ನು ಒತ್ತಿದರೆ ಯಾವುದೋ ಊರಿನ ಪತ್ರ ಬರುತ್ತದೆ. ಬಂದ ಪಟ್ಟಿಯಲ್ಲಿ ಯಾವ ಕಾಯ್ದೆಯಡಿ ಕೊಟ್ಟದ್ದು ಎಂಬ ಸಾಲನ್ನು ಮೊದಲು ಓದಿ. ಜೌಗು ಅನುದಾನವಾಗಿದ್ದರೆ ಮುಂದಿನ ದಾರಿ ಬ್ಯಾಟನ್ ರೂಜ್‌ನ ರಾಜ್ಯ ಭೂಕಚೇರಿಗೆ. ನಗದು ಕ್ರಯವಾಗಿದ್ದರೆ ಫೆಡರಲ್ ಸರ್ಕಾರದಿಂದ ಕೊಂಡವನ ಹೆಸರು ಅಲ್ಲೇ ಇರುತ್ತದೆ.

ಈ ತಾಣದ ನಿಜವಾದ ಸಂಪತ್ತು ಸರ್ವೆ ನಕ್ಷೆಗಳು. ಟೌನ್‌ಶಿಪ್ ಅಂದರೆ ಆರು ಮೈಲಿ ಚೌಕ, ಅದರಲ್ಲಿ 640 ಎಕರೆಯ 36 ಸೆಕ್ಷನ್. ಅಳತೆ 66 ಅಡಿಯ ಸರಪಳಿಯಲ್ಲಿ, ನಮ್ಮ ಗುಂಟೆ ಲೆಕ್ಕದ 33 ಅಡಿ ಸರಪಳಿಗೆ ಸರಿಯಾಗಿ ಎರಡರಷ್ಟು. 80 ಸರಪಳಿಗೆ ಒಂದು ಮೈಲಿ. ಆದರೆ ಬಾಯೂಗಳ (ಜೌಗಿನ ನಿಧಾನ ಹರಿವಿನ ಹೊಳೆಗಳ) ದಡದಲ್ಲಿ ಈ ಚೌಕ ಮುರಿದುಬೀಳುತ್ತದೆ. ಫ್ರೆಂಚರ ಕಾಲದ ಉದ್ದುದ್ದ ಪಟ್ಟೆ ಹಿಡುವಳಿಗಳನ್ನು ಹಾಗೇ ಉಳಿಸಿದ್ದರಿಂದ ಸೆಕ್ಷನ್ ಸಂಖ್ಯೆ 36 ದಾಟಿ ಹೋಗುತ್ತದೆ, ಅದನ್ನು ಬರವಣಿಗೆಯ ತಪ್ಪೆಂದು ತಿದ್ದಬೇಡಿ. ಒಳಭಾಗದಲ್ಲಿ ಗೆರೆ ಅರ್ಧಕ್ಕೇ ನಿಂತಿದ್ದರೆ ಸರ್ವೆಯವರು ನೀರಿಗಿಳಿಯಲಾಗದೆ ಬಿಟ್ಟ ಜಾಗ ಅದು. ದೊಡ್ಡ ಸೈಪ್ರೆಸ್‌ಗಳನ್ನು ಹುಡುಕಬೇಕಾದ್ದು ಬಹುತೇಕ ಅಂಥಲ್ಲೇ. ಒಂದೇ ಟೌನ್‌ಶಿಪ್‌ಗೆ ಎರಡು ಮೂರು ನಕ್ಷೆ ಇರುವುದುಂಟು. ಅನುಮೋದನೆಯ ತಾರೀಖು ನೋಡಿ, ಹಳೆಯದನ್ನೂ ಮರುಸರ್ವೆಯದನ್ನೂ ಎರಡನ್ನೂ ಇಳಿಸಿಕೊಳ್ಳಿ.

ಕೊರತೆಯೂ ಇದೆ. ಗಡಿಗುರುತಿನ ಮರಗಳ ಜಾತಿ, ದಪ್ಪ ಬರೆದಿಟ್ಟ ಸರ್ವೆ ಟಿಪ್ಪಣಿಗಳು ಎಲ್ಲ ರಾಜ್ಯಗಳದ್ದೂ ಇಲ್ಲಿ ಸಿಗುವುದಿಲ್ಲ. ಕಾಡು ಹೇಗಿತ್ತೆಂದು ತಿಳಿಯಲು ಅವೇ ಮುಖ್ಯ, ಆದ್ದರಿಂದ ಈ ಅಭಾವ ಚಿಕ್ಕದಲ್ಲ.

ಮರ ಕಡಿದ ವರ್ಷ ಬೇಕಿದ್ದರೆ ಆಯಾ ಪ್ಯಾರಿಷ್‌ನ (ಲೂಸಿಯಾನಾದಲ್ಲಿ ಜಿಲ್ಲೆಗೆ ಹೀಗೆನ್ನುತ್ತಾರೆ) ಕ್ರಯಪತ್ರಗಳ ಪುಸ್ತಕ ತೆರೆಯಲೇಬೇಕು. ನೆಲ ಒಬ್ಬರದು, ಮರ ಇನ್ನೊಬ್ಬರಿಗೆ ಮಾರಿದ್ದು, ಕಡಿದು ಸಾಗಿಸಲು ಇಂತಿಷ್ಟು ವರ್ಷ ಗಡುವು ಎಂಬ ಕರಾರು ಅಲ್ಲಿರುತ್ತದೆ. ಯಾವ ಸೆಕ್ಷನ್‌ನಿಂದ ಶುರು ಮಾಡುವುದು ಎಂದರೆ, ಜಿಎಲ್‌ಒ ನಕ್ಷೆಯನ್ನು ಇಂದಿನ ವೈಮಾನಿಕ ಚಿತ್ರದ ಮೇಲಿಡಿ. ನಾಲೆಯಲ್ಲಿ ನಿಂತ ಪುಲ್‌ಬೋಟ್ ಎಂಬ ದೋಣಿ ಉಗಿಯಂತ್ರದಿಂದ ದಿಮ್ಮಿಗಳನ್ನು ಎಳೆದ ದಾರಿಗಳು ಚಕ್ರದ ಅರಗಳಂತೆ ಇವತ್ತಿಗೂ ಕಾಣುತ್ತವೆ. ಅವು ಕೂಡುವ ಬಿಂದು ಯಾವ ಸೆಕ್ಷನ್‌ನಲ್ಲಿ ಬೀಳುತ್ತದೋ ಆ ಸಂಖ್ಯೆಯನ್ನು ಬರೆದುಕೊಂಡು ಹೋಗಿ.