ಆರ್‌ಎನ್‌ಎಫೋಲ್ಡ್ ವೆಬ್ ಸರ್ವರ್: ಚಿತ್ರಕ್ಕಿಂತ ಅದರ ಕೆಳಗಿನ ಸಾಲು ಮುಖ್ಯ

ಪುಣೆಯ ಒಂದು ಕಾಲೇಜಿನಲ್ಲಿ ನಾನು ಬಯೋಟೆಕ್ನಾಲಜಿ ಪಾಠ ಮಾಡುತ್ತೇನೆ. ಊರು ಧಾರವಾಡ. ನಮ್ಮ ಲ್ಯಾಬಿನಲ್ಲಿ ದುಬಾರಿ ಸಾಫ್ಟ್‌ವೇರ್ ಕೊಳ್ಳುವ ಮಾತೇ ಇಲ್ಲ. ವಿಯೆನ್ನಾ ವಿಶ್ವವಿದ್ಯಾಲಯದವರು ನಡೆಸುವ ಆರ್‌ಎನ್‌ಎಫೋಲ್ಡ್ ವೆಬ್ ಸರ್ವರ್ ನಮಗೆ ದಿನಬಳಕೆಯ ಸಾಮಾನು. ಇದನ್ನು ಬಳಸುವ ಕನ್ನಡದ ಹುಡುಗ ಹುಡುಗಿಯರು ಪುಣೆಯ ಪಾಷಾಣ್, ಹಿಂಜವಡಿ ಕಡೆ ಸಾಕಷ್ಟು ಜನ ಇದ್ದಾರೆ. ಅವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ದುಡ್ಡು ಬೇಡ, ಲಾಗಿನ್ ಬೇಡ. ಆರ್‌ಎನ್‌ಎ ಸೀಕ್ವೆನ್ಸ್, ಅಂದರೆ ಜೀನಿನಿಂದ ನಕಲಾಗುವ ಎಳೆಯ ಎ, ಯು, ಜಿ, ಸಿ ಅಕ್ಷರಗಳ ಸಾಲು, ಪೇಸ್ಟ್ ಮಾಡಿ ಬಟನ್ ಒತ್ತಿದರೆ ಸಾಕು. ಆ ಎಳೆ ತನ್ನ ಮೇಲೆ ತಾನೇ ಹೇಗೆ ಮಡಚಿಕೊಳ್ಳಬಹುದು ಅಂತ ಲೆಕ್ಕ ಹಾಕಿ ಚಿತ್ರ ಕೊಡುತ್ತದೆ. ವಿಯೆನ್ನಾದವರ ಈ ಪ್ಯಾಕೇಜು 1994ರಿಂದ ಇದೆ. ಇಷ್ಟು ವರ್ಷ ಒಂದು ಉಚಿತ ಸೇವೆಯನ್ನು ಬೆಳೆಸುತ್ತಾ ಬಂದಿರುವುದೇ ದೊಡ್ಡ ಮಾತು.

ಮೊದಲ ಸಲ ಬಳಸುವವರು ಒಂದು ಪುಟ್ಟ ಸೀಕ್ವೆನ್ಸ್ ಹಾಕಿ ನೋಡಿ. ನಾಲ್ಕು ಜಿ, ನಾಲ್ಕು ಎ, ನಾಲ್ಕು ಸಿ. ಉತ್ತರ ((((....)))) ಅಂತ ಬರುತ್ತದೆ. ಬ್ರಾಕೆಟ್ಟು ಅಂದರೆ ಜೋಡಿಯಾದ ಅಕ್ಷರ, ಚುಕ್ಕಿ ಅಂದರೆ ಒಂಟಿ. ಪಕ್ಕದಲ್ಲಿ ಎನರ್ಜಿ, ಮೋಲಿಗೆ ಮೈನಸ್ 5.4 ಕಿಲೋಕ್ಯಾಲರಿ. ಮೈನಸ್ ಹೆಚ್ಚಿದಷ್ಟೂ ಮಡಿಕೆ ಗಟ್ಟಿ. ಈ ಸಂಖ್ಯೆ ಎಲ್ಲಿಂದ ಬಂತು? ಅದೇ ಪುಟದಿಂದ ಆರ್‌ಎನ್‌ಎಇವಾಲ್‌ಗೆ ಹೋದರೆ ಬಿಡಿಸಿ ಹೇಳುತ್ತದೆ. ಒಂದು ಜಿ-ಸಿ ಜೋಡಿಯ ಮೇಲೆ ಇನ್ನೊಂದು ಕೂತಾಗ ಮೈನಸ್ 3.3. ಅಂಥವು ಮೂರು, ಅಂದರೆ ಮೈನಸ್ 9.9. ನಾಲ್ಕು ಎಗಳು ಬಗ್ಗಿ ಕುಣಿಕೆ ಆಗಲಿಕ್ಕೆ ಪ್ಲಸ್ 4.5 ದಂಡ. ಕೂಡಿಸಿ ನೋಡಿ, ಸರಿಹೋಗುತ್ತದೆ. ನಾನು ಇದನ್ನು ಬೋರ್ಡ್ ಮೇಲೆ ಚಾಕ್‌ನಲ್ಲೇ ಮಾಡಿಸುತ್ತೇನೆ. ಆಮೇಲೆ ಕಂಪ್ಯೂಟರ್ ಮಾಡುವುದು ಏನೋ ಮಂತ್ರ ಅಂತ ಯಾರಿಗೂ ಅನಿಸುವುದಿಲ್ಲ.

ಆ 3.3 ಕೂಡ ಸುಮ್ನೆ ಹುಟ್ಟಿದ್ದಲ್ಲ. ಚಿಕ್ಕ ಚಿಕ್ಕ ಆರ್‌ಎನ್‌ಎ ತುಂಡುಗಳನ್ನು ನಿಧಾನವಾಗಿ ಬಿಸಿ ಮಾಡಿ, ಜೋಡಿ ಬಿಚ್ಚುವಾಗ 260 ನ್ಯಾನೋಮೀಟರ್ ಬೆಳಕನ್ನು ಅವು ಎಷ್ಟು ಹೆಚ್ಚು ಹೀರುತ್ತವೆ ಅಂತ ಅಳೆದು ಪಡೆದ ಸಂಖ್ಯೆಗಳು ಇವು. ಅಮೆರಿಕದ ರಾಚೆಸ್ಟರ್‌ನ ಡಗ್ಲಸ್ ಟರ್ನರ್ ಅವರ ಗುಂಪು ವರ್ಷಗಟ್ಟಲೆ ಈ ಕೆಲಸ ಮಾಡಿದೆ. ಆ ಅಳತೆಗಳು 1 ಮೋಲಾರ್ ಉಪ್ಪಿನ ನೀರಿನಲ್ಲಿ ಮಾಡಿದವು. ಜೀವಕೋಶದ ಒಳಗೆ ಹಾಗಿಲ್ಲ. ಅಲ್ಲಿ ಮೆಗ್ನೀಸಿಯಂ ಇದೆ, ಪ್ರೋಟೀನುಗಳ ಗದ್ದಲ ಇದೆ. ಇದನ್ನು ನೆನಪಿಟ್ಟುಕೊಂಡೇ ಉತ್ತರ ಓದಬೇಕು.

ನಮ್ಮ ವಿಜಯಪುರದ ವಿದ್ಯಾರ್ಥಿನಿಯೊಬ್ಬಳು ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಒಂದು ಪ್ರೋಟೀನ್ ತಯಾರಿಸುತ್ತಿದ್ದಳು. ಒಂದು ದಿನ ಮುಖ ಬಾಡಿಸಿಕೊಂಡು ಬಂದಳು. "ಮೇಡಂ, ಜೀನ್ ಸರಿ ಐತ್ರಿ, ಪ್ಲಾಸ್ಮಿಡ್ ಸರಿ ಐತ್ರಿ, ಪ್ರೋಟೀನ್ ಮಾತ್ರ ಬರವಲ್ದು." (ಪ್ಲಾಸ್ಮಿಡ್ ಅಂದರೆ ಜೀನ್ ಹೊತ್ತೊಯ್ಯುವ ಡಿಎನ್‌ಎ ಉಂಗುರ.) ರೈಬೋಸೋಮ್, ಅಂದರೆ ಆರ್‌ಎನ್‌ಎ ಓದಿ ಪ್ರೋಟೀನ್ ಕಟ್ಟುವ ಯಂತ್ರ, ಬಂದು ಹತ್ತುವ ಜಾಗದಿಂದ ಶುರುಮಾಡಿ ಮೊದಲ ಸ್ವಲ್ಪ ಭಾಗ ಮಾತ್ರ ಹಾಕಿ ನೋಡು ಅಂದೆ. ಎಯುಜಿ, ಅಂದರೆ ಪ್ರೋಟೀನ್ ಶುರುವಾಗುವ ಮೂರಕ್ಷರದ ಕೋಡಾನ್, ಗಟ್ಟಿಯಾದ ಒಂದು ಕಾಂಡದ (ಜೋಡಿಗಳು ಸಾಲಾಗಿ ಕೂತ ಭಾಗದ) ಒಳಗೆ ಸಿಕ್ಕಿಕೊಂಡಿತ್ತು. ಚಿತ್ರದಲ್ಲಿ ಆ ಜೋಡಿಗಳೆಲ್ಲ ಕಡುಗೆಂಪು. ಇಲ್ಲಿ ಕೆಂಪು ಅಂದರೆ ಸಾಧ್ಯತೆ ಜಾಸ್ತಿ ಅಂತ. ಅಮೈನೋ ಆಮ್ಲ ಬದಲಾಗದ ಹಾಗೆ ಮೊದಲ ಕೆಲವು ಕೋಡಾನ್ ಬದಲಿಸಿ ಹೊಸ ಪ್ರೈಮರ್, ಅಂದರೆ ಆ ಬದಲಾವಣೆ ಹೊತ್ತ ಪುಟ್ಟ ಡಿಎನ್‌ಎ ತುಂಡು, ಮಾಡಿಸಿದೆವು. ಆಮೇಲೆ ಜೆಲ್ ಮೇಲೆ ಆ ಪ್ರೋಟೀನಿನ ಬ್ಯಾಂಡ್ ಕಾಣಿಸಿತು. ಅವಳ ಖುಷಿ ನೋಡಬೇಕಿತ್ತು.

ಇದು ನಮ್ಮ ಅದೃಷ್ಟ ಅಷ್ಟೇ ಅಲ್ಲ. 2009ರಲ್ಲಿ ಕುಡ್ಲಾ ಮತ್ತು ಸಂಗಡಿಗರು ಒಂದೇ ಹಸಿರು ಹೊಳೆಯುವ ಪ್ರೋಟೀನಿಗೆ 154 ಬೇರೆ ಬೇರೆ ಜೀನ್ ಮಾಡಿ ನೋಡಿದರು. ಪ್ರೋಟೀನ್ ಒಂದೇ, ಹೊಳಪಿನಲ್ಲಿ 250 ಪಟ್ಟು ವ್ಯತ್ಯಾಸ! ಆ ವ್ಯತ್ಯಾಸದ ಅರ್ಧಕ್ಕಿಂತ ಜಾಸ್ತಿ ಭಾಗಕ್ಕೆ ಜೀನಿನ ಶುರುವಿನಲ್ಲಿ ಆರ್‌ಎನ್‌ಎ ಎಷ್ಟು ಗಟ್ಟಿಯಾಗಿ ಮಡಚಿದೆ ಅನ್ನುವುದೇ ಕಾರಣ. ಅದಕ್ಕೂ ಮೊದಲೇ, 1990ರಲ್ಲಿ, ಎಂಎಸ್2 ಅನ್ನುವ ಬ್ಯಾಕ್ಟೀರಿಯಾ ವೈರಸ್ಸಿನ ಮೇಲೆ ಕೆಲಸ ಮಾಡಿದವರು ಲೆಕ್ಕ ಕೊಟ್ಟಿದ್ದರು: ಶುರುವಿನ ಕಾಂಡ 1.4 ಕಿಲೋಕ್ಯಾಲರಿ ಗಟ್ಟಿಯಾದರೆ ಪ್ರೋಟೀನ್ ಹತ್ತು ಪಟ್ಟು ಇಳಿಯುತ್ತದೆ. ಒಂದೇ ಒಂದು ಅಕ್ಷರ ಬದಲಾದರೂ ಇಷ್ಟು ಆಗಬಹುದು.

ಈಗ ಜನ ಸಾಮಾನ್ಯವಾಗಿ ನೋಡದೇ ಬಿಡುವ ಭಾಗಕ್ಕೆ ಬರುತ್ತೇನೆ. ಉತ್ತರದ ಪುಟದಲ್ಲಿ ಒಂದು ಸಾಲು ಇರುತ್ತದೆ. ಈ ಅತಿ ಕಡಿಮೆ ಎನರ್ಜಿಯ ಮಡಿಕೆ ಒಟ್ಟು ಮಡಿಕೆಗಳಲ್ಲಿ ಶೇಕಡಾ ಎಷ್ಟು ಅಂತ. ಉದ್ದನೆಯ ಆರ್‌ಎನ್‌ಎಗೆ ಇದು ಶೇಕಡಾ 1ಕ್ಕಿಂತ ಎಷ್ಟೋ ಕಡಿಮೆ ಬರುವುದು ಮಾಮೂಲು. ಅಂದರೆ ನೀವು ನೋಡುತ್ತಿರುವ ಚೆಂದದ ಚಿತ್ರದ ಹಾಗೆ ಕೂತಿರುವ ಅಣುಗಳು ನೂರರಲ್ಲಿ ಒಂದೂ ಇಲ್ಲ! ಎಲ್ಲ ಮಡಿಕೆಗಳನ್ನೂ ಸೇರಿಸಿ ಲೆಕ್ಕ ಹಾಕುವ ದಾರಿ ತೋರಿಸಿದವರು ಮೆಕ್ಯಾಸ್ಕಿಲ್, 1990ರಲ್ಲಿ. ಈ ಸರ್ವರ್ ತನ್ನ ಉತ್ತರವನ್ನು ತಾನೇ ಎಷ್ಟು ನಂಬಬಹುದು ಅಂತ ಬಾಯಿಬಿಟ್ಟು ಹೇಳುತ್ತದೆ, ಅಲ್ವಾ? ನನಗೆ ಇದರ ಮೇಲೆ ಇಷ್ಟು ಗೌರವ ಇರುವುದು ಅದಕ್ಕೇ. ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಬರೀ ಚಿತ್ರ ಅಂಟಿಸಿ ತಂದರೆ ನಾನು ವಾಪಸ್ ಕೊಡುತ್ತೇನೆ. ಬಣ್ಣ ಹಾಕಿದ ಚಿತ್ರ ಬೇಕು, ಆ ಶೇಕಡಾ ಬೇಕು.

ಇದು ಮಾಡಲಾಗದ ಕೆಲಸಗಳೂ ಇವೆ. ಸೂಡೋನಾಟ್, ಅಂದರೆ ಕುಣಿಕೆಯ ಅಕ್ಷರಗಳು ಹೊರಗಿನ ಅಕ್ಷರಗಳ ಜೊತೆ ಜೋಡಿಯಾಗುವ ಗಂಟು, ಇದರ ಲೆಕ್ಕಕ್ಕೇ ಬರುವುದಿಲ್ಲ. ಕೊರೋನಾ ವೈರಸ್ಸಿನಲ್ಲಿ ರೈಬೋಸೋಮ್ ಒಂದು ಅಕ್ಷರ ಹಿಂದೆ ಜಾರುವಂತೆ ಮಾಡುವುದು ಅಂಥದ್ದೇ ಗಂಟು. ಅದನ್ನು ಇಲ್ಲಿ ಹುಡುಕಬೇಡಿ. ಮೆಥೈಲ್ (ಒಂದು ಪುಟ್ಟ ರಾಸಾಯನಿಕ ತುಣುಕು) ಸೇರಿದ ಅಕ್ಷರಗಳ ವಿಷಯದಲ್ಲೂ ಹುಷಾರು. ಮನುಷ್ಯರ ಮೈಟೋಕಾಂಡ್ರಿಯದ ಲೈಸಿನ್ ಟಿಆರ್‌ಎನ್‌ಎ (ರೈಬೋಸೋಮಿಗೆ ಲೈಸಿನ್ ಅನ್ನುವ ಅಮೈನೋ ಆಮ್ಲ ತಂದುಕೊಡುವ ಆರ್‌ಎನ್‌ಎ) ಒಂಬತ್ತನೇ ಎ ಮೇಲೆ ಒಂದು ಮೆಥೈಲ್ ಇಲ್ಲದಿದ್ದರೆ ಸರಿಯಾದ ಆಕಾರಕ್ಕೇ ಬರುವುದಿಲ್ಲ.

ಇನ್ನೊಂದು, ಇದು ಚಲನೆಯನ್ನು ತೋರಿಸುವುದಿಲ್ಲ. ಆರ್‌ಎನ್‌ಎಯ ಎರಡು ತುದಿಗಳನ್ನು ಲೇಸರ್ ಬೆಳಕಿನಲ್ಲಿ ಹಿಡಿದು ಎಳೆಯುವ ಪ್ರಯೋಗಗಳು ಬರ್ಕ್ಲಿಯಲ್ಲಿ 2001ರಲ್ಲೇ ನಡೆದವು. ಸುಮಾರು 14-15 ಪಿಕೋನ್ಯೂಟನ್ ಬಲಕ್ಕೆ ಒಂದು ಹೇರ್‌ಪಿನ್ (ಒಂದು ಕಾಂಡ, ತುದಿಗೆ ಕುಣಿಕೆ) ಬಿಚ್ಚಿ ಮತ್ತೆ ಮಡಚಿಕೊಳ್ಳುವುದು ಕಂಡಿತು. 2008ರಲ್ಲಿ ಅದೇ ರೀತಿ ಒಂದೇ ಒಂದು ರೈಬೋಸೋಮ್ ಕಾಂಡವನ್ನು ಬಿಚ್ಚುತ್ತಾ ಹೋಗುವುದನ್ನು ಅಳೆದರು. ಮೂರು ಅಕ್ಷರ ಚಕ್ಕನೆ ದಾಟುತ್ತದೆ, ಕೆಲವು ಸೆಕೆಂಡು ನಿಲ್ಲುತ್ತದೆ, ಮತ್ತೆ ಮೂರು. ಅಂದರೆ ಜೀನಿನ ನಡುವೆ ಗಟ್ಟಿ ಕಾಂಡ ಕಂಡಿತು ಅಂತ ಗಾಬರಿ ಬೇಡ, ರೈಬೋಸೋಮ್ ತಾನೇ ಬಿಚ್ಚಿಕೊಂಡು ಹೋಗುತ್ತದೆ. ತಲೆ ಕೆಡಿಸಿಕೊಳ್ಳಬೇಕಾದದ್ದು ಶುರುವಿನ ಬಗ್ಗೆ.

ಬಳಸುವವರಿಗೆ ಎರಡು ಮಾತು. ಟೆಂಪರೇಚರ್ 37 ಡಿಗ್ರಿ ಅಂತ ಮೊದಲೇ ಇರುತ್ತದೆ. ನಿಮ್ಮ ಇ. ಕೋಲಿಯನ್ನು 18ರಲ್ಲಿ ಬೆಳೆಸುತ್ತಿದ್ದರೆ ಅದನ್ನು ಬದಲಿಸಿ, ತಂಪಿನಲ್ಲಿ ಅದೇ ಕಾಂಡ ಇನ್ನೂ ಗಟ್ಟಿ. 7,500 ಅಕ್ಷರಕ್ಕಿಂತ ಉದ್ದದ ಆರ್‌ಎನ್‌ಎಗೆ ಸಾಧ್ಯತೆಗಳ ಲೆಕ್ಕ ಬೇಕಾದರೆ ಪ್ಯಾಕೇಜನ್ನೇ ಇಳಿಸಿಕೊಳ್ಳಿ, ಅದೂ ಉಚಿತ. ನನ್ನ ಕಡೆಯಿಂದ 5ಕ್ಕೆ ನಾಲ್ಕೂವರೆ. ಆ ಅರ್ಧ ಸೂಡೋನಾಟಿಗೆ.